ಪಂದ್ಯಕ್ಕೆ ಹೊರಟ ನಾಲ್ಕು ವರ್ಷದವನು

ದೂರದೂರಿನಲ್ಲಿ ಪಂದ್ಯ, ಕಾರಿನ ಹಿಂದಿನ ಸೀಟಿನಲ್ಲಿ ಚಿಕ್ಕ ಮಗು, ಮನೆಗೆ ಬಂದಮೇಲೆ ಗಂಡ ಹೆಂಡತಿಯ ಜಗಳ. ಈ ವಿಷಯ ಹಿಡಿದು ನನ್ನ ಬಳಿ ಸಲಹೆಗೆ ಬರುವ ತಂದೆತಾಯಂದಿರು ಈಚೆಗೆ ಜಾಸ್ತಿ. ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ.

ಮಗನಿಗೆ ನಾಲ್ಕು ವರ್ಷ. ತಂದೆಗೆ ಫುಟ್‌ಬಾಲ್ ಅಂದರೆ ಪ್ರಾಣ. ಐದಾರು ಗಂಟೆ ಕಾರು ಓಡಿಸಿಕೊಂಡು ಮಗನ ಜೊತೆ ಪಂದ್ಯಕ್ಕೆ ಹೋಗುತ್ತಾರೆ, ರಾತ್ರಿಯೇ ವಾಪಸು. ತಾಯಿಗೆ ಇದು ಸುತರಾಂ ಇಷ್ಟವಿಲ್ಲ. "ಅವನೇ ಬರ್ತೀನಿ ಅಂತಾನೆ, ನಾನು ಬಲವಂತ ಮಾಡಿಲ್ಲ" ಎನ್ನುವುದು ತಂದೆಯ ವಾದ.

ಒಂದು ದಿನ ಮಗನನ್ನೂ ಕರೆತಂದರು. ಆಟಿಕೆ ಕಾರು, ಗೊಂಬೆ ಕೊಟ್ಟೆ. ಗೊಂಬೆಯನ್ನು ಕಾರಿನಲ್ಲಿ ಕೂರಿಸಿ ಓಡಿಸತೊಡಗಿದ. ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಿದೆ. "ಮ್ಯಾಚಿಗೆ" ಅಂದ. ಅಷ್ಟರಲ್ಲಿ ಗೊಂಬೆ ವಾಲಿತು. ತಕ್ಷಣ ಅದನ್ನು ನೆಟ್ಟಗೆ ಕೂರಿಸಿ, "ಮಲಗಬೇಡ, ಅಪ್ಪಂಗೆ ಬೇಜಾರಾಗತ್ತೆ. ಕಣ್ಣು ದೊಡ್ಡದು ಮಾಡ್ಕೋ" ಅಂದ. ನಿನಗೂ ನಿದ್ದೆ ಬರುತ್ತಾ ಪುಟ್ಟಾ ಅಂದೆ. ತಂದೆಯ ಕಡೆ ನೋಡಿದ. "ಇಲ್ಲ, ನಂಗೆ ಬರಲ್ಲ."

"ನಾನು ಯಾವತ್ತೂ ಬೈದಿಲ್ಲ" ಅಂದರು ತಂದೆ. ನಿಜವೇ ಇರಬೇಕು. ಬೈಯಲೇಬೇಕು ಅಂತೇನಿಲ್ಲ. "ಗೋಲ್ ಆದಾಗಲೇ ಮಲಗಿಬಿಟ್ಯಲ್ಲೋ" ಅಂತ ಪ್ರೀತಿಯಿಂದ ಅಂದರೂ ಸಾಕು, ಮಗು ತನ್ನ ಸುಸ್ತನ್ನು ಮುಚ್ಚಿಡಲು ಕಲಿಯುತ್ತದೆ. ನನಗೆ ದಾರಿಯ ದೂರಕ್ಕಿಂತ ದೊಡ್ಡ ಚಿಂತೆ ಇದೇ. ಆ ವಯಸ್ಸಿನ ಮಗುವಿನ "ಬರ್ತೀನಿ"ಯನ್ನು ನಾನು ಒಪ್ಪಿಗೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆರು ಗಂಟೆ ಅಂದರೆ ಎಷ್ಟು ಹೊತ್ತು ಅಂತ ಅದಕ್ಕೇನು ಗೊತ್ತು? ಅಪ್ಪನ ಜೊತೆ ಇರಬೇಕು, ಅಷ್ಟೇ.

ದೇಹದ ಲೆಕ್ಕವೂ ಇದೆ. ಮೂರರಿಂದ ಐದು ವರ್ಷದವರಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ತುಂಬಿದ ಕ್ರೀಡಾಂಗಣದ ಕೂಗು 100 ಡೆಸಿಬೆಲ್ ದಾಟುವುದುಂಟು. ಅಷ್ಟು ಸದ್ದು ದೊಡ್ಡವರ ಕಿವಿಗೇ ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಒಳ್ಳೆಯದಲ್ಲ.

ಹಾಗಂತ ಪೂರ್ತಿ ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಅಪ್ಪ ಮಗನ ನಂಟು ಕಡಿಯುತ್ತೀರಿ ಎಂದು ನನಗೆ ಹೇಳಿದವರಿದ್ದಾರೆ. ಆ ನಂಟು ಉಳಿಯಲಿ ಅಂತಲೇ ಈ ಸಲಹೆ. ದೂರದ ದೊಡ್ಡ ಪಂದ್ಯಗಳಿಗೆ ಸ್ನೇಹಿತರ ಜೊತೆ ಹೋಗಿ. ಮಗನಿಗೆ ಹತ್ತಿರದ, ಹಗಲಿನ ಪಂದ್ಯ ಸಾಕು. ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿ. "ಸಾಕು ಅನ್ನಿಸಿದರೆ ಹೇಳು, ಎದ್ದು ಹೋಗೋಣ" ಅಂತ ಮೊದಲೇ ಹೇಳಿ. ಅವನು ಹೇಳಿದಾಗ, ಪಂದ್ಯ ಎಂಥ ಘಟ್ಟದಲ್ಲಿದ್ದರೂ, ಮುಖ ಸಣ್ಣದು ಮಾಡದೆ ಏಳಿ. ದೂರ ಹೋಗಲೇಬೇಕಾದರೆ ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ, ರಾತ್ರಿ ಅಲ್ಲೇ ತಂಗಿ. ನಿದ್ದೆ ಬಂತೆಂದು ಮಗುವಿನ ಬೆಲ್ಟ್ ಬಿಚ್ಚಿ ಸೀಟಿನ ಮೇಲೆ ಮಲಗಿಸಲೇಬೇಡಿ.

ತಾಯಿಗೂ ಒಂದು ಮಾತು ಹೇಳಿದೆ: ಸುಸ್ತಾಗಿ ಬಂದ ಮಗನನ್ನು ಮುಂದಿಟ್ಟುಕೊಂಡು "ನಾನು ಹೇಳಿರಲಿಲ್ವಾ" ಅನ್ನಬೇಡಿ. ಆಗ ಅವನು ನಿಮ್ಮಿಂದಲೂ ಮುಚ್ಚಿಡುತ್ತಾನೆ.

ತಂದೆ ಹೆಚ್ಚಿನದನ್ನೆಲ್ಲ ಒಪ್ಪಿದರು. ರಾತ್ರಿ ತಂಗುವುದಕ್ಕೆ ಮಾತ್ರ ತಕರಾರು, ಮರುದಿನ ಕೆಲಸಕ್ಕೆ ರಜೆ ಸಿಗಲ್ಲ ಅಂತ. ರಜೆ ಸಿಗದ ಪಂದ್ಯಕ್ಕೆ ಮಗನನ್ನು ಕರೆದೊಯ್ಯಬೇಡಿ ಎಂದೆ. ಇನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ಭೇಟಿಯಲ್ಲಿ ಮತ್ತೆ ಕೇಳುತ್ತೇನೆ.