ಜಾಹೀರಾತು ಬಂದಾಗಲೇ ಸಿನಿಮಾ ನಿಲ್ಲೋದ್ಯಾಕೆ?

ಪುಣೆ ಹತ್ತಿರದ ಚಿಂಚವಡದ ಮನೆಯಲ್ಲಿ ಅಮ್ಮ ನೋಡೋ ಉಚಿತ ಕನ್ನಡ ಸಿನಿಮಾ ಪ್ರತಿ ಜಾಹೀರಾತಿಗೂ ಕಪ್ಪಾಗಿ ನಿಲ್ಲುತ್ತೆ, ಉಳಿದಂತೆ ನೆಟ್ ಚೆನ್ನಾಗಿದೆ ಅಂದಿದ್ದೀರಿ. ಹಾಗಿದ್ರೆ ಸ್ಪೀಡನ್ನು ಬೈದು ಪ್ರಯೋಜನವಿಲ್ಲ. ಸಿನಿಮಾ ಒಂದು ಸರ್ವರಿನಿಂದ, ಜಾಹೀರಾತು ಸಾಮಾನ್ಯವಾಗಿ ಇನ್ನೊಂದರಿಂದ ಬರುತ್ತೆ. ರೂಟರಿನಲ್ಲೋ ಟೀವಿಯಲ್ಲೋ ಜಾಹೀರಾತು ತಡೆಯೋ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡೋ ಸೇವೆ) ಹಾಕಿದ್ದರೆ, ಬರದ ಜಾಹೀರಾತಿಗೆ ಆ್ಯಪ್ ಕಾಯ್ತಾ ಕೂತುಬಿಡುತ್ತೆ. ಟೀವಿಯ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ 8.8.8.8 (ಗೂಗಲಿನದು) ಮಾಡಿ, ಆ್ಯಪ್ ಕೂಡಿಟ್ಟ ತಾತ್ಕಾಲಿಕ ಫೈಲುಗಳನ್ನು, ಅಂದ್ರೆ ಕ್ಯಾಶ್ (cache) ಅಳಿಸಿ (ಡೇಟಾ ಅಳಿಸಿದ್ರೆ ಮತ್ತೆ ಲಾಗಿನ್ ಮಾಡಬೇಕಾಗುತ್ತೆ), ಟೀವಿ ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿ. ಆಗಲೂ ನಿಂತರೆ ಫೋನಿನ ಹಾಟ್‌ಸ್ಪಾಟಿನಲ್ಲಿ ನೋಡಿ. ಜಾಹೀರಾತು ದಾಟಿದರೆ ತೊಂದರೆ ರೂಟರಿನದೋ ಮನೆಯ ನೆಟ್ಟಿನದೋ.

ಅಮ್ಮ ಸಿನಿಮಾನ ಯೂಟ್ಯೂಬಿನಲ್ಲಿ ನೋಡೋದಾದ್ರೆ ಇನ್ನೊಂದು ಮಾತು: ಅಲ್ಲಿ ಅಕ್ಷರಗಳು ಎಡಬಲ ತಿರುಗಿ, ದನಿ ಕೀರಲಾಗಿದ್ದರೆ ಅದು ಬಹುತೇಕ ಸಿಕ್ಕಿಬೀಳದಿರಲಿ ಅಂತ ಹಾಗೆ ತಿರುಚಿ, ಕದ್ದು ಹಾಕಿದ್ದು. ಯಾವಾಗ ಬೇಕಾದ್ರೂ ಮಾಯವಾಗಬಹುದು, ಅಮ್ಮನ ಪ್ಲೇಲಿಸ್ಟಿಗೆ ಸೇರಿಸಬೇಡಿ.