'ಜನರಲ್ ಆವರೇಜ್' ಅಂದರೆ ಸರಾಸರಿ ಅಲ್ಲ

ವಿಮಾ ಪತ್ರದಲ್ಲಿ 'ಜನರಲ್ ಆವರೇಜ್' ಅಂತಿದೆ, 'ಸಾಮಾನ್ಯ ಸರಾಸರಿ' ಅನ್ನಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ, ಅರ್ಥವೇ ಕೆಟ್ಟುಹೋಗುತ್ತದೆ. ಕಡಲ ಕಾನೂನಿನಲ್ಲಿ ಆವರೇಜ್ ಎಂದರೆ ನಷ್ಟ. ಸರಾಸರಿ ಎಂಬ ಅರ್ಥ ಆ ನಷ್ಟ ಹಂಚುವ ಲೆಕ್ಕದಿಂದಲೇ ಆಮೇಲೆ ಹುಟ್ಟಿದ್ದು.

ಜನರಲ್ ಆವರೇಜ್ ಹೇಗೆ ಅಂತ ನೋಡಿ: ಬಿರುಗಾಳಿಗೆ ಸಿಕ್ಕಿದ ಹಡಗನ್ನು ಹಗುರ ಮಾಡಲು ಕ್ಯಾಪ್ಟನ್ ಒಬ್ಬ ವರ್ತಕನ ಮೂಟೆಗಳನ್ನು ಸಮುದ್ರಕ್ಕೆ ಎಸೆಸುತ್ತಾನೆ. ಹಡಗು ಉಳಿಯುತ್ತದೆ. ಹಡಗು, ಸರಕು ಎಲ್ಲ ಸೇರಿ ಮೌಲ್ಯ 100 ಪಾಲು, ಎಸೆದದ್ದು 5 ಪಾಲು ಅನ್ನಿ. ಆಗ ಹಡಗಿನ ಮಾಲೀಕ, ಉಳಿದ ವರ್ತಕರು, ಮೂಟೆ ಕಳೆದುಕೊಂಡವನೂ ಸೇರಿ ಪ್ರತಿಯೊಬ್ಬರೂ ತಮ್ಮ ಸ್ವತ್ತಿನ ಶೇ. 5ರಷ್ಟು ನಷ್ಟ ಹೊರಬೇಕು. ಎಷ್ಟು ನ್ಯಾಯವಾದ ಏರ್ಪಾಡು ನೋಡಿ! ರೋಮನ್ನರ ಕಾನೂನಿನಲ್ಲೂ ಇದಿತ್ತು. ಈಗ ಯಾರ್ಕ್-ಆಂಟ್ವರ್ಪ್ ಎಂಬ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಲೆಕ್ಕ ಹಾಕುತ್ತಾರೆ.

ಎಲ್ಲರಿಗೂ ಒದಗಿದ ಅಪಾಯದಿಂದ ಪಾರಾಗಲು ಬೇಕೆಂದೇ ಮಾಡಿದ ತ್ಯಾಗ ಅಥವಾ ಖರ್ಚು ಮಾತ್ರ ಇದರಲ್ಲಿ ಬರುತ್ತದೆ. ಅಲೆಯ ನೀರು ನುಗ್ಗಿ ಸರಕು ಹಾಳಾದರೆ ಅದು 'ಪರ್ಟಿಕ್ಯುಲರ್ ಆವರೇಜ್', ನಷ್ಟ ಆ ಮಾಲೀಕನದ್ದೇ.

2021ರಲ್ಲಿ ಸೂಯೆಜ್‌ನಲ್ಲಿ ಸಿಕ್ಕಿಹಾಕಿಕೊಂಡ 'ಎವರ್ ಗಿವನ್' ಹಡಗಿನ ಮಾಲೀಕರೂ 'ಜನರಲ್ ಆವರೇಜ್' ಘೋಷಿಸಿದ್ದರು.

ನಿಮ್ಮ ಅನುವಾದಕ್ಕೆ 'ಸಾಮೂಹಿಕ ನಷ್ಟ ಹಂಚಿಕೆ' ಹೊಂದುತ್ತದೆ. ಮೊದಲ ಸಲ ಬಂದಲ್ಲಿ ಪಕ್ಕದಲ್ಲೇ 'ಜನರಲ್ ಆವರೇಜ್' ಅಂತಲೂ ಬರೆದುಬಿಡಿ.