ರೊಕ್ಕ ಎಲ್ಲಿ ನಿಂತಿದೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಕ್ರಿಪ್ಟೋ ಬಗ್ಗೆ ಬರುವ ಪತ್ರಗಳಲ್ಲಿ ಮೊದಲೆಲ್ಲ "ಯಾವುದನ್ನು ಕೊಳ್ಳಲಿ" ಎಂಬ ಪ್ರಶ್ನೆಯೇ ಇರುತ್ತಿತ್ತು. ಈಗ "ಹಾಕಿದ್ದು ಹೊರಗೆ ಬರ್ತಿಲ್ಲ" ಅನ್ನುವವರೇ ಜಾಸ್ತಿ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಕೆಲವು ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರ ಹೆಸರು ಹಾಕಿಲ್ಲ. ಅವರು ದೂರಿದ ಆಪ್‌ಗಳ ಹೆಸರನ್ನೂ ತೆಗೆದಿದ್ದೇವೆ, ಯಾಕೆಂದರೆ ತಪ್ಪು ಯಾರದು ಅಂತ ಒಂದು ಕಡೆಯ ಪತ್ರ ಓದಿ ಹೇಳೋಕಾಗಲ್ಲ.

ಪ್ರಶ್ನೆ: ಕೊಪ್ಪಿಕರ್ ರೋಡ್ ಹತ್ತಿರ ನನ್ನ ಮೊಬೈಲ್ ರಿಪೇರಿ ಅಂಗಡಿ ಇದೆ. ಬಿಟ್‌ಕಾಯಿನ್ ಮಾರಿದೆ, 1.4 ಲಕ್ಷ ರೂಪಾಯಿ ಬ್ಯಾಂಕಿಗೆ ವಿತ್‌ಡ್ರಾ ಕೊಟ್ಟೆ. ಆರು ದಿನ ಆಯ್ತು, "ಪ್ರೊಸೆಸಿಂಗ್" ಅಂತಲೇ ತೋರಿಸುತ್ತಿದೆ. ಕಸ್ಟಮರ್ ಕೇರ್‌ಗೆ ಬರೆದರೆ "ದಯವಿಟ್ಟು ಕಾಯಿರಿ" ಅಷ್ಟೇ. ರೊಕ್ಕ ಹೋಯ್ತಾ? – ಓದುಗ, ಹುಬ್ಬಳ್ಳಿ

ಉತ್ತರ: ಈಗಲೇ ಹಾಗೆ ಅಂದುಕೊಳ್ಳಬೇಡಿ. ಆಪ್ ತೆಗೆದು ಆ ವಿತ್‌ಡ್ರಾ ಸಾಲಿನ ಮೇಲೆ ಒತ್ತಿ, ಯುಟಿಆರ್ ನಂಬರ್ (ಬ್ಯಾಂಕ್ ವರ್ಗಾವಣೆಯ ಗುರುತಿನ ನಂಬರ್) ಇದೆಯಾ ನೋಡಿ. ಇದ್ದರೆ ರೊಕ್ಕ ಎಕ್ಸ್‌ಚೇಂಜ್ (ಕ್ರಿಪ್ಟೋ ಕೊಳ್ಳುವ, ಮಾರುವ ಆಪ್‌ನ ಕಂಪನಿ) ಬಿಟ್ಟು ಹೊರಟಿದೆ, ಇನ್ನು ಮಾತು ಬ್ಯಾಂಕಿನ ಜೊತೆ. ಐಎಂಪಿಎಸ್ ಆದರೆ 12 ಅಂಕಿ, ನೆಫ್ಟ್ ಆದರೆ 16 ಅಕ್ಷರದ ನಂಬರ್ ಇರುತ್ತದೆ. ಅದನ್ನು ಬರೆದುಕೊಂಡು ಬ್ಯಾಂಕಿಗೆ ಹೋಗಿ ಕೇಳಿ. ನೆಫ್ಟ್ 2019ರ ಡಿಸೆಂಬರ್‌ನಿಂದ ರಜೆ ದಿನವೂ ಹಗಲು ರಾತ್ರಿ ಅರ್ಧ ಗಂಟೆಗೊಂದು ಕಂತಿನಲ್ಲಿ ನಡೆಯುತ್ತದೆ. ಆ ಕಂತು ಮುಗಿದ ಎರಡು ಗಂಟೆಯೊಳಗೆ ಬ್ಯಾಂಕ್ ನಿಮ್ಮ ಖಾತೆಗೆ ಜಮಾ ಮಾಡಬೇಕು, ಇಲ್ಲವೇ ವಾಪಸ್ ಕಳಿಸಬೇಕು. ಹಾಗಾಗಿ "ಶನಿವಾರ, ಭಾನುವಾರ ಅದಕ್ಕೇ ತಡ" ಅಂತ ಯಾರಾದರೂ ಹೇಳಿದರೆ ಅದು ಅವರ ಆಫೀಸಿನ ರಜೆ, ಬ್ಯಾಂಕಿಂಗ್ ವ್ಯವಸ್ಥೆಯದ್ದಲ್ಲ.

ಯುಟಿಆರ್ ಇಲ್ಲ ಅಂದರೆ ರೊಕ್ಕ ಇನ್ನೂ ಅವರ ಹತ್ತಿರವೇ ಇದೆ, ಏನೋ ಒಂದು ತಡೆ ಬಿದ್ದಿದೆ. ಪಾಸ್‌ವರ್ಡ್ ಅಥವಾ ಮೊಬೈಲ್ ನಂಬರ್ ಈಚೆಗೆ ಬದಲಿಸಿದ್ದೀರಾ? ಬದಲಿಸಿದ ಮೇಲೆ 24 ಗಂಟೆ ವಿತ್‌ಡ್ರಾ ನಿಲ್ಲಿಸುವುದು ತುಂಬಾ ಕಡೆ ರೂಢಿ. ಮೊತ್ತ ದೊಡ್ಡದಿದ್ದರೆ ಯಾರೋ ಒಬ್ಬರು ಕೂತು ಕಣ್ಣಿಂದ ನೋಡಿ ಬಿಡುತ್ತಾರೆ, ಅದಕ್ಕೂ ಒಂದೆರಡು ದಿನ ಹಿಡಿಯಬಹುದು. ಆದರೆ ಆರು ದಿನ ಅಂದರೆ ನಮಗೆ ಅನುಮಾನ ಬರುವುದು ಹೆಸರಿನ ಮೇಲೆ.

ನಮ್ಮ ಕಡೆ ಇದು ದೊಡ್ಡ ತಲೆನೋವು. ಪಾಸ್‌ಬುಕ್‌ನಲ್ಲಿ "ಪಾಟೀಲ ಎಸ್. ಬಿ." ಅಂತ ಇರುತ್ತದೆ. ಪ್ಯಾನ್ ಕಾರ್ಡಿನಲ್ಲಿ ತಂದೆ ಹೆಸರು ಸೇರಿಸಿ ಪೂರ್ತಿ ಉದ್ದ. ಆಧಾರ್‌ನಲ್ಲಿ ಅಡ್ಡಹೆಸರೇ ಇಲ್ಲ. ಎಕ್ಸ್‌ಚೇಂಜ್‌ಗಳು ನಿಮ್ಮ ಖಾತೆಗೆ ಮೊದಲು ಒಂದು ರೂಪಾಯಿ ಹಾಕಿ ನೋಡುತ್ತವೆ, ಅದರ ಜೊತೆ ಬ್ಯಾಂಕ್ ಕಡೆಯಿಂದ ಖಾತೆದಾರರ ಹೆಸರು ತಿರುಗಿ ಬರುತ್ತದೆ. ಆ ಹೆಸರು ಪ್ಯಾನ್‌ಗೆ ತಾಳೆ ಆಗದಿದ್ದರೆ ಮಷೀನು ಅಲ್ಲೇ ನಿಲ್ಲಿಸುತ್ತದೆ. ಮಷೀನಿಗೆ ಪಾಟೀಲ ಎಸ್. ಬಿ. ಯಾರು ಅಂತ ಹೇಗೆ ಗೊತ್ತಾಗಬೇಕು?

ಇನ್ನೊಂದು, ನಿಮ್ಮದು ಹಳೆ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಖಾತೆನಾ? ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ಆ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಗಿದೆ. ಸಿಂಡಿಕೇಟ್ 2020ರಲ್ಲೇ ಕೆನರಾ ಆಯ್ತು. ಆಪ್‌ನಲ್ಲಿ ವರ್ಷಗಳ ಹಿಂದೆ ತುಂಬಿದ ಐಎಫ್‌ಎಸ್‌ಸಿ ಕೋಡ್ ಈಗಲೂ ಸರಿ ಇದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ. ಕಸ್ಟಮರ್ ಕೇರ್‌ಗೆ ಮತ್ತೆ ಬರೆಯುವಾಗ "ನನ್ನ ರೊಕ್ಕ ಯಾವಾಗ ಕೊಡ್ತೀರಿ" ಅನ್ನಬೇಡಿ. "ಯುಟಿಆರ್ ಆಗಿದೆಯಾ, ಆಗಿಲ್ಲ ಅಂದರೆ ಯಾವ ಕಾರಣಕ್ಕೆ ತಡೆ" ಅಂತ ಟಿಕೆಟ್ ನಂಬರ್ ಹಾಕಿ ಕೇಳಿ. ಮೊದಲ ಪ್ರಶ್ನೆಗೆ "ಕಾಯಿರಿ" ಅಂದು ಜಾರಿಕೊಳ್ಳಬಹುದು, ಎರಡನೆಯದಕ್ಕೆ ಅಷ್ಟು ಸುಲಭ ಇಲ್ಲ.

ಪ್ರಶ್ನೆ: ಎಕ್ಸ್‌ಚೇಂಜ್‌ನಿಂದ ನನ್ನ ಸ್ವಂತ ವಾಲೆಟ್‌ಗೆ (ಕಾಯಿನ್ ಇಡುವ ಆಪ್) ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕಾಯಿನ್) ಕಳಿಸಿದೆ. ಆ ಕಡೆ "ಕಂಪ್ಲೀಟೆಡ್" ಅಂತಿದೆ, ಈ ಕಡೆ ಸೊನ್ನೆ. – ಇಂಜಿನಿಯರಿಂಗ್ ವಿದ್ಯಾರ್ಥಿನಿ, ಗದಗ

ಉತ್ತರ: ವಿತ್‌ಡ್ರಾ ವಿವರದಲ್ಲಿ ಉದ್ದದ ಟ್ರಾನ್ಸಾಕ್ಷನ್ ಐಡಿ ಇರುತ್ತದೆ, ಕಾಪಿ ಮಾಡಿಕೊಳ್ಳಿ. ಕಾಯಿನ್ ಸಾಗುವ ದಾರಿಗೆ ನೆಟ್‌ವರ್ಕ್ ಅನ್ನುತ್ತಾರೆ. ಟ್ರಾನ್ ನೆಟ್‌ವರ್ಕ್ ಆದರೆ ಟ್ರಾನ್‌ಸ್ಕ್ಯಾನ್, ಇಥೀರಿಯಂ ಆದರೆ ಈಥರ್‌ಸ್ಕ್ಯಾನ್ ಅನ್ನುವ ಸೈಟಿನಲ್ಲಿ ಹಾಕಿ. ಯಾರ ಅನುಮತಿಯೂ ಬೇಕಿಲ್ಲ, ಇದು ಎಲ್ಲರಿಗೂ ಕಾಣುವ ಖಾತೆ ಪುಸ್ತಕ. "ಸಕ್ಸೆಸ್" ಅಂತ ಬಂದರೆ ಕಾಯಿನ್ ತಲುಪಿದೆ, ನಿಮ್ಮ ವಾಲೆಟ್ ತೋರಿಸುತ್ತಿಲ್ಲ ಅಷ್ಟೇ. ಐಡಿ ಹುಡುಕಿದರೂ ಏನೂ ಸಿಗದಿದ್ದರೆ ಒಂದೋ ನೀವು ಬೇರೆ ನೆಟ್‌ವರ್ಕಿನ ಸೈಟ್ ನೋಡುತ್ತಿದ್ದೀರಿ, ಇಲ್ಲ ಎಕ್ಸ್‌ಚೇಂಜ್ ಇನ್ನೂ ಕಳಿಸಿಯೇ ಇಲ್ಲ.

ನಮ್ಮ ಊಹೆ, ನೀವು ಕಡಿಮೆ ಫೀ ನೋಡಿ ಬೇರೆ ನೆಟ್‌ವರ್ಕ್ ಆರಿಸಿದ್ದೀರಿ. ಇಥೀರಿಯಂ, ಬಿಎನ್‌ಬಿ ಚೈನ್, ಪಾಲಿಗಾನ್ ಮೂರರಲ್ಲೂ ವಿಳಾಸ ಒಂದೇ ಥರ, ಸೊನ್ನೆ ಮತ್ತು ಎಕ್ಸ್‌ನಿಂದ ಶುರು. ವಾಲೆಟ್ ನಿಮ್ಮದೇ ಆಗಿದ್ದರೆ ಭಯ ಬೇಡ, ವಾಲೆಟ್‌ನಲ್ಲಿ ಆ ನೆಟ್‌ವರ್ಕ್ ಸೇರಿಸಿ, ಟೋಕನ್ ಸೇರಿಸಿ, ಕಾಣುತ್ತದೆ. ಟ್ರಾನ್ ವಿಳಾಸ ಟಿ ಅಕ್ಷರದಿಂದ ಶುರುವಾಗುವುದರಿಂದ ಅಲ್ಲಿ ಈ ಗೊಂದಲ ಕಡಿಮೆ. ಇದೇ ತಪ್ಪು ಇನ್ನೊಂದು ಎಕ್ಸ್‌ಚೇಂಜ್‌ನ ವಿಳಾಸಕ್ಕೆ ಕಳಿಸುವಾಗ ಆದರೆ ಕೀಲಿ ಅವರ ಕೈಯಲ್ಲಿರುತ್ತದೆ, ಅವರು ಮನಸ್ಸು ಮಾಡಿದರೆ ಮಾತ್ರ ವಾಪಸ್. ಎಕ್ಸ್‌ಆರ್‌ಪಿ ಅನ್ನುವ ಕಾಯಿನ್ ಕಳಿಸುವಾಗ, ಯಾರ ಖಾತೆಗೆ ಅಂತ ಹೇಳುವ ಟ್ಯಾಗ್ ನಂಬರ್ ಮರೆತವರದೂ ಇದೇ ಕಥೆ.

ಬಿಟ್‌ಕಾಯಿನ್ ಆಗಿದ್ದರೆ ಸ್ವಲ್ಪ ತಾಳ್ಮೆ ಬೇಕು. ವ್ಯವಹಾರಗಳನ್ನು ಬರೆದಿಡುವ ಬ್ಲಾಕ್ ಸರಾಸರಿ 10 ನಿಮಿಷಕ್ಕೊಂದು, ಕೆಲವು ಕಡೆ ಒಂದಕ್ಕಿಂತ ಹೆಚ್ಚು ಬ್ಲಾಕ್ ಆಗುವವರೆಗೆ ಜಮಾ ತೋರಿಸುವುದಿಲ್ಲ, ದಟ್ಟಣೆ ಇದ್ದ ದಿನ ಗಂಟೆಗಟ್ಟಲೆ ಆಗುವುದೂ ಉಂಟು.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ನಮ್ಮದು. ಟೆಲಿಗ್ರಾಂ ಗುಂಪಿನಲ್ಲಿ ಒಬ್ಬರು ಪರಿಚಯ ಆಗಿ ಒಂದು ಆಪ್ ಹಾಕಿಸಿದರು. ಮೊದಲು 20,000 ಹಾಕಿ 23,000 ತೆಗೆದೆ, ಬ್ಯಾಂಕಿಗೆ ಬಂತು. ಆಮೇಲೆ ಒಟ್ಟು ಒಂಬತ್ತು ಲಕ್ಷ ಹಾಕಿದ್ದೇನೆ. ಈಗ ಆಪ್‌ನಲ್ಲಿ 38 ಲಕ್ಷ ಇದೆ. ತೆಗೆಯಲು ಹೋದರೆ ಭಾರತ ಸರ್ಕಾರದ ನಿಯಮದ ಪ್ರಕಾರ ಶೇ 30 ತೆರಿಗೆ ಮೊದಲು ಕಟ್ಟಿ, 24 ಗಂಟೆಯಲ್ಲಿ ಪೂರ್ತಿ ಬಿಡುಗಡೆ ಅಂತಾರೆ. ಶೇ 30 ತೆರಿಗೆ ಇರುವುದು ನಿಜ ಅಂತ ನಮ್ಮ ಹುಡುಗ ನೋಡಿ ಹೇಳಿದ. ಕಟ್ಟಲೇ? – ವ್ಯಾಪಾರಿ, ಹಾವೇರಿ ಜಿಲ್ಲೆ

ಉತ್ತರ: ಕಟ್ಟಬೇಡಿ. ಒಂದು ರೂಪಾಯಿಯನ್ನೂ ಕಟ್ಟಬೇಡಿ. ಈ ಪತ್ರಿಕೆ ಕೈಗೆ ಬರುವ ಮೊದಲೇ ಕಟ್ಟಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಉಳಿದದ್ದು ಆಮೇಲೆ ಓದಿ.

ನಿಮ್ಮ ಹುಡುಗ ಹೇಳಿದ್ದು ಸರಿ, ಮೋಸ ಇರುವುದೇ ಅಲ್ಲಿ. ಕ್ರಿಪ್ಟೋ ಲಾಭದ ಮೇಲೆ ಶೇ 30 ತೆರಿಗೆ 2022ರ ಏಪ್ರಿಲ್ 1ರಿಂದ ಇದೆ, ಅದರ ಮೇಲೆ ಶೇ 4 ಸೆಸ್. ಆದರೆ ಅದನ್ನು ಕಟ್ಟುವುದು ನೀವು, ನಿಮ್ಮ ಪ್ಯಾನ್ ನಂಬರಿನಲ್ಲಿ, ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ, ಚಲನ್ ಸಿಗುತ್ತದೆ. ಎಕ್ಸ್‌ಚೇಂಜ್ ಕಡೆಯಿಂದ ಹಿಡಿಯುವುದು ಶೇ 1 ಟಿಡಿಎಸ್, ಅದೂ 2022ರ ಜುಲೈ 1ರಿಂದ, ಮತ್ತು ಮಾರಿದ ಮೊತ್ತದಲ್ಲೇ ಮುರಿದುಕೊಳ್ಳುತ್ತಾರೆ. ನಿಮ್ಮ ಮಾರ್ಕೆಟ್‌ನಲ್ಲಿ ರೈತನಿಗೆ ಪಟ್ಟಿ ಕೊಡುವಾಗ ಹಮಾಲಿ ಲೆಕ್ಕವನ್ನು ಆ ಪಟ್ಟಿಯಲ್ಲೇ ಕಳೆದು ಉಳಿದದ್ದನ್ನು ಕೈಗೆ ಕೊಡುತ್ತೀರಿ. "ಮೊದಲು ಹಮಾಲಿ ರೊಕ್ಕ ಮನೆಯಿಂದ ತಂದುಕೊಡು, ಆಮೇಲೆ ನಿನ್ನ ಮಾಲಿನ ರೊಕ್ಕ ಕೊಡುತ್ತೇನೆ" ಅಂದರೆ ಯಾವ ರೈತ ಒಪ್ಪುತ್ತಾನೆ? ಅವರ ಹತ್ತಿರ ನಿಮ್ಮ 38 ಲಕ್ಷ ನಿಜವಾಗಿ ಇದ್ದಿದ್ದರೆ ಅದರಲ್ಲೇ ಮುರಿದುಕೊಳ್ಳುತ್ತಿದ್ದರು.

38 ಲಕ್ಷ ಎಲ್ಲೂ ಇಲ್ಲ. ಆಪ್‌ನಲ್ಲಿ ಕಾಣುವುದು ಯಾರೋ ಟೈಪ್ ಮಾಡಿದ ಅಂಕಿ. ಆರಂಭದ 23,000 ಬಂದದ್ದು ನಂಬಿಕೆ ಹುಟ್ಟಿಸಲು ಖರ್ಚು ಮಾಡಿದ ರೊಕ್ಕ. ತೆರಿಗೆ ಕಟ್ಟಿದ ಮೇಲೆ "ಭದ್ರತಾ ಠೇವಣಿ", ಆಮೇಲೆ "ಮನಿ ಲಾಂಡರಿಂಗ್ ಕ್ಲಿಯರೆನ್ಸ್", ಆಮೇಲೆ "ನೀವು ತಡ ಮಾಡಿದ್ದಕ್ಕೆ ದಂಡ". ಇದಕ್ಕೆ ಕೊನೆ ಇಲ್ಲ, ನಿಮ್ಮ ಕೈ ಬರಿದಾಗುವವರೆಗೆ ನಡೆಯುತ್ತದೆ.

ಈಗಲೇ ಮಾಡಬೇಕಾದದ್ದು ಇಷ್ಟು. 1930ಕ್ಕೆ ಫೋನ್ ಮಾಡುವಾಗ ರೊಕ್ಕ ಹಾಕಿದ ಪ್ರತಿ ಖಾತೆಯ ನಂಬರ್, ದಿನಾಂಕ, ಯುಟಿಆರ್ ಮುಂದೆ ಇಟ್ಟುಕೊಂಡಿರಿ. ಯಾವ ಬ್ಯಾಂಕಿನ ಯಾವ ಖಾತೆಗೆ ಹೋಗಿದೆಯೋ ಅಲ್ಲಿ ತಡೆ ಹಾಕಿಸಲು ನೋಡುತ್ತಾರೆ. ಆದರೆ ಕಳ್ಳರು ಆ ರೊಕ್ಕವನ್ನು ಬೇಗ ಬೇರೆ ಖಾತೆಗಳಿಗೆ ಸಾಗಿಸುವುದರಿಂದ ದಿನ ಕಳೆದಷ್ಟೂ ಸಿಗುವುದು ಕಡಿಮೆ. ಆನ್‌ಲೈನ್‌ನಲ್ಲಿ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಿ, ಆ ನಂಬರ್ ಹಿಡಿದುಕೊಂಡು ಜಿಲ್ಲೆಯ ಸೈಬರ್ ಅಪರಾಧ ಠಾಣೆಗೆ ಹೋಗಿ. ಟೆಲಿಗ್ರಾಂ ಗುಂಪಿನಿಂದ ಸಿಟ್ಟಿಗೆ ಹೊರಗೆ ಬಂದುಬಿಡಬೇಡಿ, ಮೊದಲು ಎಲ್ಲ ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ಮನೆಯವರಿಗೂ ಹೇಳಿ. ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಟ್ಟು ಸಾಲ ಮಾಡಿ "ತೆರಿಗೆ" ಕಟ್ಟಿದವರ ಪತ್ರ ಈ ಕಂತೆಯಲ್ಲೇ ಇನ್ನೊಂದಿದೆ. ಅದನ್ನು ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ.

ಅಸಲಿ ಎಕ್ಸ್‌ಚೇಂಜ್ ಹೌದೋ ಅಲ್ಲವೋ ಅಂತ ತಿಳಿಯಲು ಒಂದು ದಾರಿ: ಭಾರತದಲ್ಲಿ ವ್ಯವಹಾರ ಮಾಡುವ ಎಕ್ಸ್‌ಚೇಂಜ್‌ಗಳು 2023ರ ಮಾರ್ಚ್‌ನಿಂದ ಮನಿ ಲಾಂಡರಿಂಗ್ ತಡೆ ಕಾಯ್ದೆಯ ಕೆಳಗೆ ಬಂದಿವೆ, ಹಣಕಾಸು ಗುಪ್ತಚರ ಘಟಕ, ಅಂದರೆ ಎಫ್‌ಐಯುನಲ್ಲಿ ನೋಂದಣಿ ಮಾಡಿಸಬೇಕು. ಮಾಡಿಸದ ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ 2023ರ ಡಿಸೆಂಬರ್‌ನಲ್ಲಿ ನೋಟಿಸ್ ಹೋಗಿತ್ತು. ನೋಂದಣಿ ಇದ್ದ ಮಾತ್ರಕ್ಕೆ ರೊಕ್ಕ ಭದ್ರ ಅಂತಲ್ಲ. ನೋಂದಣಿಯೇ ಇಲ್ಲ ಅಂದರೆ ಆ ಕಡೆ ತಲೆ ಹಾಕಬೇಡಿ.

ಪ್ರಶ್ನೆ: ಸಪ್ತಾಪುರದಲ್ಲಿ ಕೋಚಿಂಗ್‌ಗೆ ಇದ್ದೇನೆ. ಪಿ2ಪಿಯಲ್ಲಿ (ಇನ್ನೊಬ್ಬ ವ್ಯಕ್ತಿಗೆ ನೇರವಾಗಿ ಮಾರುವುದು) ಯುಎಸ್‌ಡಿಟಿ ಮಾರಿದೆ, ರೊಕ್ಕ ತಕ್ಷಣ ಬಂತು. ನಾಲ್ಕು ದಿನಕ್ಕೆ ಬ್ಯಾಂಕ್ ಖಾತೆ ಫ್ರೀಜ್! ರೂಮ್ ಬಾಡಿಗೆಯನ್ನೂ ಕೊಡಲಾಗುತ್ತಿಲ್ಲ. – ಧಾರವಾಡ

ಉತ್ತರ: ನಿಮಗೆ ರೊಕ್ಕ ಹಾಕಿದವರು ಅದನ್ನು ಯಾರಿಗೋ ಮೋಸ ಮಾಡಿ ತಂದಿರಬಹುದು. ಬಹುಶಃ ಬ್ಯಾಡಗಿಯ ವ್ಯಾಪಾರಿಯಂಥವರೇ ಯಾರೋ 1930ಕ್ಕೆ ಫೋನ್ ಮಾಡಿದ್ದಾರೆ, ರೊಕ್ಕದ ಜಾಡು ನಿಮ್ಮ ಖಾತೆಗೆ ಬಂದು ನಿಂತಿದೆ. ಬ್ಯಾಂಕಿಗೆ ಹೋಗಿ ದೂರಿನ ನಂಬರ್, ಯಾವ ರಾಜ್ಯದ ಯಾವ ಠಾಣೆ, ಎಷ್ಟು ಮೊತ್ತ ಅಂತ ಬರವಣಿಗೆಯಲ್ಲಿ ಕೇಳಿ. ಆ ಠಾಣೆಗೆ ಪಿ2ಪಿ ಆರ್ಡರ್ ನಂಬರ್, ಚಾಟ್, ಕಾಯಿನ್ ಹೋದ ಟ್ರಾನ್ಸಾಕ್ಷನ್ ಐಡಿ, ನೀವು ಆ ಕಾಯಿನ್ ಮೊದಲು ಕೊಂಡ ದಾಖಲೆ ಎಲ್ಲ ಕಳಿಸಿ. ದೂರಿನಲ್ಲಿರುವ ಮೊತ್ತಕ್ಕೆ ಮಾತ್ರ ತಡೆ ಇಟ್ಟು ಉಳಿದದ್ದನ್ನು ಬಿಡಿ ಅಂತ ಕೇಳಿ, ಹೈಕೋರ್ಟ್‌ಗಳು ಹಾಗೆ ಆದೇಶ ಕೊಟ್ಟ ಉದಾಹರಣೆಗಳಿವೆ. ಅದಕ್ಕೂ ಜಗ್ಗದಿದ್ದರೆ ವಕೀಲರನ್ನು ನೋಡಬೇಕಾಗುತ್ತದೆ.

ಅಂದಹಾಗೆ, ಕೋಚಿಂಗ್ ಹುಡುಗರ ಹತ್ತಿರ "ಅಕೌಂಟ್ ಬಾಡಿಗೆಗೆ ಕೊಡು, ತಿಂಗಳಿಗೆ ಇಷ್ಟು" ಅಂತ ಬರುವವರಿದ್ದಾರೆ ಅಂತಲೂ ನೀವು ಬರೆದಿದ್ದೀರಿ. ಅವರ ಹತ್ತಿರ ಸುಳಿಯಬೇಡಿ. ಸರ್ಕಾರಿ ನೌಕರಿಗೆ ಓದುತ್ತಿರುವವರ ಹೆಸರು ಎಫ್‌ಐಆರ್‌ನಲ್ಲಿ ಬಂದರೆ ಪೊಲೀಸ್ ವೆರಿಫಿಕೇಶನ್ ದಿನ ಏನು ಹೇಳುತ್ತೀರಿ?

ಪ್ರಶ್ನೆ: ಎಕ್ಸ್‌ಚೇಂಜೇ ಹ್ಯಾಕ್ ಆಗಿ ಬಾಗಿಲು ಹಾಕಿದರೆ ಎಷ್ಟು ದಿನ ಕಾಯಬೇಕು? ಬ್ಯಾಂಕಿನಂತೆ ವಿಮೆ ಇಲ್ವಾ? – ನಿವೃತ್ತ ಶಿಕ್ಷಕರು, ರಾಣೆಬೆನ್ನೂರು

ಉತ್ತರ: ವಿಮೆ ಇಲ್ಲ ಸರ್. ಬ್ಯಾಂಕ್ ಠೇವಣಿಗೆ ಐದು ಲಕ್ಷದವರೆಗೆ ಇರುವ ವಿಮೆ ಕ್ರಿಪ್ಟೋಗೆ ಅನ್ವಯಿಸಲ್ಲ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಕೂಡ ಎಕ್ಸ್‌ಚೇಂಜ್ ಮೇಲಿನ ದೂರು ತೆಗೆದುಕೊಳ್ಳಲ್ಲ.

ದಿನದ ಲೆಕ್ಕ ಕೇಳಿದ್ದೀರಿ. ಭಾರತದ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನಿಂದ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಬೆಲೆಯ ಕಾಯಿನ್ ಕಳುವಾಯಿತು, ವಿತ್‌ಡ್ರಾ ನಿಂತಿತು. ವಿಷಯ ಸಿಂಗಪುರದ ಕೋರ್ಟಿಗೆ ಹೋಗಿ, ರೊಕ್ಕ ಬರಬೇಕಾದವರ ಜೊತೆಗಿನ ಒಪ್ಪಂದ ಮಂಜೂರಾಗಿ, ಮತ್ತೆ ವ್ಯವಹಾರ ಶುರುವಾದದ್ದು 2025ರ ಅಕ್ಟೋಬರ್‌ನಲ್ಲಿ. ಆ ಹದಿನೈದು ತಿಂಗಳಲ್ಲಿ ಬಿಟ್‌ಕಾಯಿನ್ ಬೆಲೆ ಲಕ್ಷ ಡಾಲರ್ ದಾಟಿತು, ಒಳಗೆ ಸಿಕ್ಕವರು ನೋಡುತ್ತಾ ಕೂತರು. ಜಪಾನಿನ ಮೌಂಟ್ ಗಾಕ್ಸ್ 2014ರ ಫೆಬ್ರುವರಿಯಲ್ಲಿ ಮುಚ್ಚಿತು, ಅದರ ಗ್ರಾಹಕರಿಗೆ ಬಿಟ್‌ಕಾಯಿನ್ ವಾಪಸ್ ಸಿಗಲು ಶುರುವಾದದ್ದು 2024ರ ಜುಲೈನಲ್ಲಿ. ಹತ್ತು ವರ್ಷ! ಪಿಂಚಣಿ ರೊಕ್ಕ ಎಕ್ಸ್‌ಚೇಂಜ್‌ನಲ್ಲಿಟ್ಟಿದ್ದೀರಾ ಅಂತ ನೀವು ಬರೆದಿಲ್ಲ. ಇಟ್ಟಿದ್ದರೆ ಈಗ, ವಿತ್‌ಡ್ರಾ ಸರಾಗವಾಗಿ ನಡೆಯುತ್ತಿರುವಾಗಲೇ, ಸ್ವಲ್ಪ ತೆಗೆದು ಬ್ಯಾಂಕಿಗೆ ಬರುತ್ತದಾ ಅಂತ ನೋಡಿಬಿಡಿ.

ಪ್ರಶ್ನೆ: ಎರಡು ಲಕ್ಷಕ್ಕಿಂತ ಜಾಸ್ತಿ ಒಮ್ಮೆಲೇ ತೆಗೆದರೆ ಇನ್‌ಕಮ್ ಟ್ಯಾಕ್ಸ್ ನೋಟಿಸ್ ಬರುತ್ತದಂತೆ, ಚೂರು ಚೂರು ತೆಗೆಯಲಾ? – ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಚೂರು ಮಾಡಿ ಏನೂ ಮುಚ್ಚಿಡಲಾಗಲ್ಲ. ಟಿಡಿಎಸ್ ಮುರಿದಾಗಲೇ ನೀವು ಮಾರಿದ ವಿವರ ಇಲಾಖೆಗೆ ಹೋಗಿರುತ್ತದೆ, ನಿಮ್ಮ ಪ್ಯಾನ್‌ನ ತೆರಿಗೆ ಲೆಕ್ಕದ ಪಟ್ಟಿ 26ಎಎಸ್‌ನಲ್ಲಿ ಕಾಣುತ್ತದೆ. ರಿಟರ್ನ್‌ನಲ್ಲಿ ಕ್ರಿಪ್ಟೋಗೆ ಬೇರೆಯೇ ಕಾಲಂ ಇದೆ, ಅಲ್ಲಿ ತುಂಬಿ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ ಅನ್ನುವುದು ಮಾತ್ರ ನೆನಪಿರಲಿ. ನಮಗೂ ಅದು ಅನ್ಯಾಯ ಅನಿಸುತ್ತದೆ, ಆದರೆ ನಿಯಮ ಹಾಗಿದೆ.

ಮುಂದಿನ ಸಂಚಿಕೆಗೆ ಬರೆಯುವವರು ಸ್ಕ್ರೀನ್‌ಶಾಟ್‌ನಲ್ಲಿ ಖಾತೆ ನಂಬರ್, ಪ್ಯಾನ್ ಮುಚ್ಚಿ ಕಳಿಸಿ. ಗದಗದಿಂದ ಒಬ್ಬರು ವಾಲೆಟ್‌ನ 12 ಪದಗಳ ಸೀಡ್ ಫ್ರೇಸನ್ನೇ (ವಾಲೆಟ್ ತೆರೆಯುವ ಗುಟ್ಟಿನ ಕೀಲಿ) ಪೂರ್ತಿ ಬರೆದು ಕಳಿಸಿದ್ದಾರೆ. ಕಾಗದ ಹರಿದು ಹಾಕಿದ್ದೇವೆ, ಆದರೂ ಅವರು ಇವತ್ತೇ ಹೊಸ ವಾಲೆಟ್ ಮಾಡಿಕೊಂಡು ಕಾಯಿನ್ ಅದಕ್ಕೆ ಸಾಗಿಸಲಿ.